ಲೇಸರ್ ಮಾರ್ಕಿಂಗ್ ಯಂತ್ರಕ್ಕೆ ಯಾವ ಕವಚ? ಬಾಗಿಲಿನಿಂದಲೇ ಲೆಕ್ಕ ಹಾಕಿ

ಲೋಹದ ಮೇಲೆ ಬೆಳಕಿನಿಂದ ಗುರುತು ಬರೆಯುವ ಫೈಬರ್ ಲೇಸರ್ ಮಾರ್ಕಿಂಗ್ ಯಂತ್ರ ಈಗ ದೊಡ್ಡ ಕಾರ್ಖಾನೆಗಳಲ್ಲಷ್ಟೇ ಇಲ್ಲ. ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಆಭರಣಕ್ಕೆ ಹಾಲ್‌ಮಾರ್ಕ್ ಹಾಕುವ ಕೇಂದ್ರಗಳಲ್ಲಿ ಅದು ಮೇಜಿನ ಮೇಲೆ ಬಂದು ಕುಳಿತಿದೆ. ಅನೇಕರು ಮೊದಲು ಕೊಳ್ಳುವುದು ತೆರೆದ ಮಾದರಿಯನ್ನು: ಒಂದು ಕಂಬ, ಕಂಬಕ್ಕೆ ಸಿಕ್ಕಿಸಿದ, ಕಿರಣ ಬಿಡುವ ಹೆಡ್, ಕೆಳಗೆ ಜಾಬ್ (ಗುರುತು ಹಾಕಬೇಕಾದ ವಸ್ತು) ಇಡುವ ಹಾಸು, ಸುತ್ತ ಏನೂ ಇಲ್ಲ. ಬೆಲೆ ಕಡಿಮೆ, ಜಾಬ್ ಇಡುವುದೂ ಸುಲಭ. ಸ್ವಲ್ಪ ದಿನಗಳ ನಂತರ ಗ್ರಾಹಕ ಕಂಪನಿಯವರು ಆಡಿಟ್‌ಗೆ ಬಂದು ಸುರಕ್ಷತೆಯ ಪ್ರಶ್ನೆ ಕೇಳುತ್ತಾರೆ, ಇಲ್ಲವೇ ಪಕ್ಕದ ಲೇತ್‌ನಲ್ಲಿ ನಿಂತವನು ಕಣ್ಣು ಉರಿಯುತ್ತದೆ ಎನ್ನುತ್ತಾನೆ. ಆಗ ಗೊಂದಲ ಶುರುವಾಗುತ್ತದೆ. ಕನ್ನಡಕ ಸಾಕೇ, ಪರದೆ ಕಟ್ಟಿಸಬೇಕೇ, ಪೆಟ್ಟಿಗೆ ಕೊಳ್ಳಬೇಕೇ, ಅಥವಾ ಒಂದು ಕೋಣೆಯನ್ನೇ ಬಿಡಬೇಕೇ?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಜನ ತಗಡಿನ ದಪ್ಪ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಬೆಲೆ ನೋಡುತ್ತಾರೆ. ನಾನು ಮೊದಲು ನೋಡಬೇಕೆನ್ನುವುದು ಬಾಗಿಲನ್ನು. ದಿನಕ್ಕೆ ನೂರಾರು ಸಲ ತೆರೆದು ಮುಚ್ಚುವ ಬಾಗಿಲು ಕೆಲಸಕ್ಕೆ ಅಡ್ಡ ಬಂದರೆ, ತೆರೆದಾಗ ಲೇಸರ್ ನಿಲ್ಲಿಸುವ ಅದರ ಸ್ವಿಚ್‌ಗೆ ಆಪರೇಟರ್ ಟೇಪ್ ಸುತ್ತುತ್ತಾನೆ. ಅಲ್ಲಿಗೆ ನೀವು ಕೊಟ್ಟ ಹಣವೆಲ್ಲ ವ್ಯರ್ಥ. ಅದಕ್ಕಾಗಿ ಅವನನ್ನು ಬೈಯುವುದು ನ್ಯಾಯವಲ್ಲ. ಗಂಟೆಗೆ ಇಷ್ಟು ಜಾಬ್ ಬೇಕೆಂದು ಹೇಳಿದವರು ನಾವು, ಅಷ್ಟು ಬಾರದ ಪೆಟ್ಟಿಗೆ ಆರಿಸಿದವರೂ ನಾವು.

ಕಾಣದ ಬೆಳಕಿನ ಅಪಾಯ

ಲೋಹದ ಮೇಲೆ ಬರೆಯುವ ಫೈಬರ್ ಲೇಸರ್‌ನ ತರಂಗಾಂತರ ಸುಮಾರು 1064 ನ್ಯಾನೋಮೀಟರ್. ಇದು ಕಣ್ಣಿಗೆ ಕಾಣುವುದಿಲ್ಲ. ಗುರುತು ಎಲ್ಲಿ ಬೀಳುತ್ತದೆಂದು ತೋರಿಸುವ ಕೆಂಪು ಬೆಳಕು ಬೇರೆ, ಕೆಲಸ ಮಾಡುವ ಕಿರಣ ಬೇರೆ. ಸುಮಾರು 400ರಿಂದ 1400 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಕಣ್ಣಿನ ಮಸೂರ ಒಳಗೆ ಬಿಟ್ಟುಕೊಂಡು ಅಕ್ಷಿಪಟಲದ ಮೇಲೆ ಒಂದು ಚುಕ್ಕೆಯಾಗಿ ಕೇಂದ್ರೀಕರಿಸುತ್ತದೆ. ಕಾಣುವ ಬೆಳಕಾದರೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಇದಕ್ಕೆ ಮುಚ್ಚುವುದಿಲ್ಲ. ಅಕ್ಷಿಪಟಲಕ್ಕೆ ನೋವು ತಿಳಿಯುವುದಿಲ್ಲ. ಹೀಗಾಗಿ ಪೆಟ್ಟು ಬಿದ್ದದ್ದು ಗೊತ್ತಾಗುವುದು ದೃಷ್ಟಿಯಲ್ಲಿ ಕಪ್ಪು ಕಲೆ ಕಾಣಿಸಿಕೊಂಡಾಗ. ಆ ಕಲೆ ಹೆಚ್ಚಾಗಿ ಶಾಶ್ವತ.

20 ವ್ಯಾಟ್‌ನ ಲೇಸರ್ ಎಂದರೆ ಮನೆಯ ಬಲ್ಬಿನಷ್ಟೇ ಅಲ್ಲವೇ ಎಂದು ಕೇಳುವವರಿದ್ದಾರೆ. ಲೆಕ್ಕ ನೋಡಿ. ಈ ಕಿರಣ ಸಣ್ಣ ಸಣ್ಣ ಮಿಡಿತಗಳಾಗಿ ಹೊರಡುತ್ತದೆ. ಸೆಕೆಂಡಿಗೆ 20,000 ಮಿಡಿತಗಳಾದರೆ ಒಂದೊಂದು ಮಿಡಿತದಲ್ಲಿ 1 ಮಿಲಿಜೂಲ್ ಶಕ್ತಿ ಇರುತ್ತದೆ. ಅದು 100 ನ್ಯಾನೋಸೆಕೆಂಡಿನಲ್ಲಿ ಮುಗಿದರೆ ಆ ಕ್ಷಣದ ಶಕ್ತಿ 10,000 ವ್ಯಾಟ್. ಅಂತರರಾಷ್ಟ್ರೀಯ ಮಾನದಂಡ ಐಇಸಿ 60825-1ರ ಪ್ರಕಾರ ನಿರಂತರ ಕಿರಣದಲ್ಲಿ ಅರ್ಧ ವ್ಯಾಟ್ ದಾಟಿದರೇ ವರ್ಗ 4, ಅಂದರೆ ಅತ್ಯಂತ ಅಪಾಯದ ವರ್ಗ. ನಮ್ಮ ಯಂತ್ರ ಅದರ ನಲವತ್ತು ಪಟ್ಟು. ಫೋಕಸ್ ದಾಟಿದ ಮೇಲೆ ಕಿರಣ ಅಗಲವಾಗುತ್ತಾ ಹೋಗುವುದು ನಿಜ. ಆದರೂ ಜಾಬ್ ಇಲ್ಲದೆ ಜಾರಿದ ಅಥವಾ ಹೊಳೆಯುವ ಮೇಲ್ಮೈಗೆ ಬಡಿದು ತಿರುಗಿದ ಕಿರಣ 10 ಮೀಟರ್ ಆಚೆಗೂ ಕಣ್ಣಿಗೆ ಅಪಾಯಕಾರಿಯೇ. ನಮ್ಮ ಶೆಡ್ಡುಗಳು ಎಷ್ಟು ಅಗಲ ಇರುತ್ತವೆಂದು ನಿಮಗೇ ಗೊತ್ತು.

ತೂಗಿ ನೋಡಬೇಕಾದ ಅಂಶಗಳು

ಮೊದಲನೆಯದು ತರಂಗಾಂತರ. ಫೈಬರ್‌ಗೆ ಮಾಡಿದ ಕವಚ ಬೇರೆ ಲೇಸರ್‌ಗೆ ಹೊಂದುತ್ತದೆಂದು ಭಾವಿಸಬಾರದು. ಕಾರ್ಬನ್ ಡೈಆಕ್ಸೈಡ್ ಲೇಸರ್‌ನ 10.6 ಮೈಕ್ರೋಮೀಟರ್ ಬೆಳಕನ್ನು ಸಾಮಾನ್ಯ ಪಾರದರ್ಶಕ ಅಕ್ರಿಲಿಕ್ ಹೀರಿಕೊಳ್ಳುತ್ತದೆ. ಅದೇ ಅಕ್ರಿಲಿಕ್ 1064ರ ಬೆಳಕನ್ನು ಕಿಟಕಿಯ ಗಾಜಿನಂತೆ ದಾಟಿಸಿಬಿಡುತ್ತದೆ. ಪಾರದರ್ಶಕ ಪಾಲಿಕಾರ್ಬನೇಟ್ ಕೂಡ ಹಾಗೆಯೇ. ಕಿಟಕಿಯ ಬಣ್ಣ ಹಸಿರಾಗಿದೆ ಅಥವಾ ಕಿತ್ತಳೆಯಾಗಿದೆ ಎಂಬುದು ಯಾವ ಭರವಸೆಯೂ ಅಲ್ಲ. ನೀಲಿ ಡಯೋಡ್ ಲೇಸರ್‌ಗಳ ಜೊತೆ ಬರುವ ಕಿತ್ತಳೆ ಹಾಳೆಯನ್ನು ಫೈಬರ್ ಪೆಟ್ಟಿಗೆಗೆ ಹಾಕಿ ಮಾರುವುದುಂಟು. ನಮ್ಮ ಕಿರಣಕ್ಕೆ ಅದು ತಡೆಯಲ್ಲ. ಕಿಟಕಿಯ ಮೇಲೆ ತರಂಗಾಂತರದ ವ್ಯಾಪ್ತಿ ಮತ್ತು ಆಪ್ಟಿಕಲ್ ಡೆನ್ಸಿಟಿ ಮುದ್ರಿತವಾಗಿರಬೇಕು. ಡೆನ್ಸಿಟಿ 6 ಎಂದರೆ ಬಿದ್ದ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ ಆಚೆ ಬರುತ್ತದೆ.

ಎರಡನೆಯದು ಜಾಬಿನ ಗಾತ್ರ ಮತ್ತು ಅದನ್ನು ಒಳಗಿಡುವ ಬಗೆ. ಮೂರನೆಯದು ಒಂದು ಜಾಬಿಗೆ ಹಿಡಿಯುವ ಸಮಯ. ಈ ಎರಡೂ ಸೇರಿ ಬಾಗಿಲು ಹೇಗಿರಬೇಕೆಂದು ತೀರ್ಮಾನಿಸುತ್ತವೆ.

ನಾಲ್ಕನೆಯದು ಇಂಟರ್‌ಲಾಕ್, ಅಂದರೆ ಬಾಗಿಲು ತೆರೆದರೆ ಕಿರಣ ನಿಲ್ಲಿಸುವ ಏರ್ಪಾಡು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೊಟೇಶನ್‌ನಲ್ಲಿ ಇದು ಒಂದೇ ಸಾಲಿನಲ್ಲಿ ಮುಗಿದಿರುತ್ತದೆ. ಅಗ್ಗದ ಪೆಟ್ಟಿಗೆಗಳಲ್ಲಿ ಬಾಗಿಲಿನ ಸ್ವಿಚ್‌ನ ತಂತಿ ಕಂಟ್ರೋಲ್ ಕಾರ್ಡಿನ ಒಂದು ಇನ್‌ಪುಟ್‌ಗೆ ಹೋಗುತ್ತದೆ. ಬಾಗಿಲು ತೆರೆದಿದೆ ಎಂದು ಸಾಫ್ಟ್‌ವೇರ್‌ಗೆ ತಿಳಿಯುತ್ತದೆ, ಸಾಫ್ಟ್‌ವೇರ್ ನಿಲ್ಲಿಸುತ್ತದೆ. ಕಂಪ್ಯೂಟರ್ ಸ್ತಬ್ಧವಾದರೆ ಅಥವಾ ಯಾರೋ ಸೆಟ್ಟಿಂಗ್ ಬದಲಿಸಿದರೆ ನಿಲ್ಲಿಸುವವರಿಲ್ಲ. ಸರಿಯಾದ ಏರ್ಪಾಡಿನಲ್ಲಿ ಬಾಗಿಲಿನಿಂದ ಎರಡು ಪ್ರತ್ಯೇಕ ಮಾರ್ಗಗಳು ಸೇಫ್ಟಿ ರಿಲೇಗೆ ಹೋಗುತ್ತವೆ, ರಿಲೇ ನೇರವಾಗಿ ಲೇಸರ್ ಮೂಲದ ಹೊರಸೂಸುವಿಕೆಯನ್ನು ಕಡಿದುಹಾಕುತ್ತದೆ. ಒಂದು ಮಾರ್ಗ ಕೆಟ್ಟರೂ ಇನ್ನೊಂದು ಕೆಲಸ ಮಾಡುತ್ತದೆ, ಮತ್ತು ಕೆಟ್ಟದ್ದನ್ನು ಸರಿಪಡಿಸುವ ತನಕ ಯಂತ್ರ ಮತ್ತೆ ಶುರುವಾಗುವುದಿಲ್ಲ. ಸ್ವಿಚ್ ಕೂಡ ಮುಖ್ಯ. ಸಾಧಾರಣ ಲಿಮಿಟ್ ಸ್ವಿಚ್ಚನ್ನು ಒಂದು ತುಂಡು ಟೇಪ್ ಮೋಸಗೊಳಿಸುತ್ತದೆ, ಸಾಧಾರಣ ಅಯಸ್ಕಾಂತದ ಸ್ವಿಚ್ಚನ್ನು ಇನ್ನೊಂದು ಅಯಸ್ಕಾಂತ ಮೋಸಗೊಳಿಸುತ್ತದೆ. ತನ್ನ ಜೋಡಿಯನ್ನು ಮಾತ್ರ ಗುರುತಿಸುವ ಕೋಡೆಡ್ ಸ್ವಿಚ್ಚನ್ನೇ ಕೇಳಿ.

ಐದನೆಯದು ಹೊಗೆ. ಸ್ಟೇನ್‌ಲೆಸ್ ಸ್ಟೀಲ್ ಸುಟ್ಟಾಗ ಕ್ರೋಮಿಯಂ ಮತ್ತು ನಿಕ್ಕಲ್ ಇರುವ ಸೂಕ್ಷ್ಮ ಕಣಗಳು ಬರುತ್ತವೆ, ಹಿತ್ತಾಳೆಯಿಂದ ಸತುವಿನ ಆಕ್ಸೈಡ್. ಪಿವಿಸಿ ಮೇಲೆ ಬರೆದರೆ ಹೈಡ್ರೋಜನ್ ಕ್ಲೋರೈಡ್ ಹೊರಬಂದು ಶ್ವಾಸಕ್ಕೂ ಕೆಡುಕು, ಯಂತ್ರಕ್ಕೂ ತುಕ್ಕು. ಪೆಟ್ಟಿಗೆ ಇದ್ದರೆ ಹೊಗೆ ಹಿಡಿಯುವುದು ಸುಲಭ, ಆದರೆ ಎಳೆಯುವ ವ್ಯವಸ್ಥೆಯಿಲ್ಲದ ಪೆಟ್ಟಿಗೆಯಲ್ಲಿ ಅದು ಒಳಗೇ ಸುತ್ತಿ ಲೆನ್ಸ್ ಮೇಲೆ ಕೂರುತ್ತದೆ. ಗುರುತು ದಿನೇದಿನೇ ಮಸುಕಾಗುತ್ತಿದೆ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇಷ್ಟೇ.

ಜಾಗ, ಬಜೆಟ್, ಸರ್ವಿಸ್ ಇವು ಕೊನೆಗೆ ಬರುವ ಅಂಶಗಳು. ಮುಖ್ಯವಲ್ಲವೆಂದು ಕೊನೆಗಿಟ್ಟದ್ದಲ್ಲ. ಮೇಲಿನವು ತೀರ್ಮಾನವಾಗದೆ ಇವುಗಳ ಬಗ್ಗೆ ಮಾತನಾಡಿ ಪ್ರಯೋಜನವಿಲ್ಲ.

ಕನ್ನಡಕ ಮತ್ತು ಪ್ರತ್ಯೇಕ ಕೋಣೆ

ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ ಇದು. ಯಂತ್ರವನ್ನು ಒಂದು ಸಣ್ಣ ಕೋಣೆಗೆ ಸಾಗಿಸಿ, ಬಾಗಿಲಿಗೆ ಸ್ವಿಚ್ ಮತ್ತು ಎಚ್ಚರಿಕೆಯ ದೀಪ ಹಾಕಿ, ಒಳಗಿರುವವರೆಲ್ಲ ಕನ್ನಡಕ ಧರಿಸುವುದು. ಜಾಬ್ ಎಷ್ಟೇ ವಿಚಿತ್ರ ಆಕಾರದ್ದಾದರೂ ನಡೆಯುತ್ತದೆ, ವೇಗಕ್ಕೂ ತಡೆಯಿಲ್ಲ.

ತೊಂದರೆಯೆಂದರೆ ಇಲ್ಲಿ ರಕ್ಷಣೆ ಪೂರ್ತಿಯಾಗಿ ಮನುಷ್ಯನ ನೆನಪಿನ ಮೇಲೆ ನಿಂತಿದೆ. ಮೇ ತಿಂಗಳ ಸೆಕೆಯಲ್ಲಿ, ಬೆವರಿಗೆ ಮಂಜಾಗುವ ಕನ್ನಡಕವನ್ನು ಎಂಟು ಗಂಟೆ ಮೂಗಿನ ಮೇಲೆ ಇಟ್ಟುಕೊಳ್ಳುವುದು ಕಷ್ಟ. ಯಂತ್ರದೊಂದಿಗೆ ಉಚಿತವಾಗಿ ಬಂದ ಹಸಿರು ಕನ್ನಡಕವನ್ನು ನಂಬಬೇಡಿ. ಯುರೋಪಿನ ಇಎನ್ 207 ಮಾನದಂಡದ ಕನ್ನಡಕದ ಮೇಲೆ ತರಂಗಾಂತರದ ಜೊತೆಗೆ ಎಲ್‌ಬಿ ಎಂಬ ದರ್ಜೆಯೂ ಇರುತ್ತದೆ. ಗಾಜು ಬೆಳಕನ್ನು ತಡೆದರಷ್ಟೇ ಸಾಲದು, ನೇರ ಹೊಡೆತಕ್ಕೆ ಒಡೆಯದೆ, ಕರಗದೆ ನಿಲ್ಲಬೇಕು ಎಂಬುದಕ್ಕೆ ಆ ದರ್ಜೆ. ವೆಲ್ಡಿಂಗ್ ಕನ್ನಡಕ ಇದಕ್ಕೆ ಪರ್ಯಾಯವಲ್ಲ.

ತಿಂಗಳಿಗೆ ಕೆಲವೇ ದಿನ ಮಾರ್ಕಿಂಗ್ ಮಾಡುವ, ತರಬೇತಾದ ಒಬ್ಬನೇ ಆಪರೇಟರ್ ಇರುವ, ಕೋಣೆ ಈಗಾಗಲೇ ಇರುವ ವರ್ಕ್‌ಶಾಪ್‌ಗೆ ಇದನ್ನು ತಾತ್ಕಾಲಿಕವಾಗಿ ಒಪ್ಪಬಹುದು. ದಿನವಿಡೀ ನಡೆಯುವ ಯಂತ್ರಕ್ಕೆ ಒಪ್ಪಲಾರೆ.

ಪರದೆ ಮತ್ತು ಮೂತಿಕವಚ

ಲೇಸರ್‌ಗೆಂದೇ ತಯಾರಾದ ಪರದೆಗಳು ಸಿಗುತ್ತವೆ. ಎಷ್ಟು ಶಕ್ತಿಯನ್ನು ಎಷ್ಟು ಹೊತ್ತು ತಡೆಯುತ್ತದೆಂದು ಪ್ರಮಾಣಪತ್ರ ಇರುವುದನ್ನೇ ತೆಗೆದುಕೊಳ್ಳಬೇಕು. ವೆಲ್ಡಿಂಗ್ ಅಂಗಳದ ಕೆಂಪು ಪಿವಿಸಿ ಪಟ್ಟಿಗಳನ್ನು ತಂದು ನೇತುಹಾಕುವುದು ಬೇಡ. ಪರದೆ ಪಕ್ಕದವರನ್ನು ಕಾಪಾಡುತ್ತದೆ, ಒಳಗಿರುವ ಆಪರೇಟರ್‌ನನ್ನು ಕಾಪಾಡುವುದಿಲ್ಲ. ಅವನಿಗೆ ಕನ್ನಡಕ ಬೇಕೇ ಬೇಕು.

ಎತ್ತಲಾಗದ ಜಾಬ್‌ಗಳಿಗೆ ಕೈಯಲ್ಲಿ ಹಿಡಿಯುವ ಮಾರ್ಕರ್‌ಗಳಿವೆ. ಅವುಗಳ ಮೂತಿಗೆ ಒಂದು ಕವಚವಿದ್ದು, ಅದು ಮೇಲ್ಮೈಗೆ ಪೂರ್ತಿ ಅಂಟಿದಾಗ ಮಾತ್ರ ಕಿರಣ ಹೊರಡಬೇಕು. ಸಮತಟ್ಟಾದ ಮುಖಕ್ಕೆ ಈ ಏರ್ಪಾಡು ಚೆನ್ನಾಗಿ ನಡೆಯುತ್ತದೆ. ಎರಕದ ಒರಟು ಮೈ, ಪೈಪಿನ ದುಂಡು ಮೈ ಆದರೆ ಅಂಚಿನಲ್ಲಿ ಸಂದು ಉಳಿಯುತ್ತದೆ, ಬೆಳಕು ಅಲ್ಲಿಂದ ಹೊರಬರುತ್ತದೆ. ದೊಡ್ಡ ಎರಕಗಳ ಕೆಲಸ ಮಾಡುವವರು ಆ ದುಂಡಿಗೆ ಹೊಂದುವ ಮೂತಿಯನ್ನು ಪ್ರತ್ಯೇಕವಾಗಿ ಮಾಡಿಸಿಕೊಳ್ಳಬೇಕಾಗುತ್ತದೆ.

ಮೇಜಿನ ಮೇಲಿನ ಪೆಟ್ಟಿಗೆ

ಬಹುಪಾಲು ಓದುಗರಿಗೆ ಉತ್ತರ ಇದೇ. ಹೆಡ್, ಜಾಬ್, ಕಂಬ ಎಲ್ಲವೂ ಒಂದು ಮುಚ್ಚಿದ ಪೆಟ್ಟಿಗೆಯೊಳಗೆ. ಸರಿಯಾಗಿ ಕಟ್ಟಿದ್ದರೆ ಒಳಗೆ ವರ್ಗ 4ರ ಲೇಸರ್ ಇದ್ದರೂ ಹೊರಗಿನವರಿಗೆ ಇಡೀ ಯಂತ್ರ ವರ್ಗ 1, ಅಂದರೆ ಸುರಕ್ಷಿತ ವರ್ಗ ಆಗುತ್ತದೆ, ಆಪರೇಟರ್‌ಗೆ ಕನ್ನಡಕದ ಅಗತ್ಯವಿರುವುದಿಲ್ಲ. ಸರ್ವಿಸ್‌ಗೆಂದು ಬದಿಯ ತಗಡು ಬಿಚ್ಚಿದ ಕ್ಷಣ ಅದು ಮತ್ತೆ ವರ್ಗ 4. ಆದ್ದರಿಂದ ಬಿಚ್ಚುವ ತಗಡುಗಳು ಸಲಕರಣೆಯಿಲ್ಲದೆ ತೆರೆಯುವಂತಿರಬಾರದು.

ಗೋಡೆಗೆ ಒಂದೂವರೆ ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಮಾರ್ಕಿಂಗ್ ಯಂತ್ರಗಳಿಗೆ ಸಾಕು. ಗೋಡೆ ಮುಟ್ಟುವ ಹೊತ್ತಿಗೆ ಕಿರಣ ಫೋಕಸ್ ತಪ್ಪಿ ಹರಡಿರುತ್ತದೆ. ಒಳಮೈ ಮಂಕು ಕಪ್ಪಾಗಿರಲಿ. ಅಲ್ಯುಮಿನಿಯಂ ಚೌಕಟ್ಟಿಗೆ ಅಂಗಡಿಯ ಬೋರ್ಡಿಗೆ ಹಾಕುವ ಕಾಂಪೋಸಿಟ್ ಹಾಳೆ ಜೋಡಿಸಿದ ಪೆಟ್ಟಿಗೆಗಳು ನೋಡಲು ಅಂದ, ಆದರೆ ಆ ಹಾಳೆಯ ನಡುವಿರುವುದು ಹೆಚ್ಚಾಗಿ ಪ್ಲಾಸ್ಟಿಕ್. ನಾನಾದರೆ ತಗಡನ್ನೇ ಆರಿಸುತ್ತೇನೆ. ಕೇಬಲ್ ಬರುವ ತೂತು, ಹೊಗೆಯ ಕೊಳವೆಯ ಬಾಯಿ, ಪೆಟ್ಟಿಗೆಯ ತಳ, ಬಾಗಿಲಿನ ಅಂಚು ಇವುಗಳನ್ನು ಬಗ್ಗಿ ನೋಡಿ. ಬೆಳಕು ಸೋರುವುದು ಇಲ್ಲಿಂದಲೇ.

ಎತ್ತರದ ವಿಷಯದಲ್ಲಿ ಅನೇಕರು ಎಡವುತ್ತಾರೆ. ಕೊಳ್ಳುವಾಗ ಜಾಬಿನ ಎತ್ತರವನ್ನಷ್ಟೇ ಅಳೆಯುತ್ತಾರೆ. ಅದಕ್ಕೆ ಜಾಬ್ ಹಿಡಿದಿಡುವ ಫಿಕ್ಸ್‌ಚರ್‌ನ ಎತ್ತರ, ಲೆನ್ಸಿನ ಫೋಕಸ್ ದೂರ, ಹೆಡ್‌ನ ಗಾತ್ರ ಕೂಡಿಸಬೇಕು. 110 ಮಿಲಿಮೀಟರ್ ಚದರದಲ್ಲಿ ಬರೆಯುವ 160 ಮಿಲಿಮೀಟರ್ ಫೋಕಸ್‌ನ ಲೆನ್ಸಿನಿಂದ 175 ಮಿಲಿಮೀಟರ್ ಚದರದ 254ರ ಲೆನ್ಸಿಗೆ ಮುಂದೆ ಹೋಗುವ ಯೋಚನೆಯಿದ್ದರೆ ಸುಮಾರು 100 ಮಿಲಿಮೀಟರ್ ಹೆಚ್ಚುವರಿ ಎತ್ತರ ಈಗಲೇ ಬೇಕು.

ಬಾಗಿಲಿನಲ್ಲಿ ಮೂರು ಬಗೆ. ಕೀಲಿನ ಮೇಲೆ ತೆರೆಯುವುದು ಅಗ್ಗ, ಆದರೆ ಪ್ರತಿ ಸಲ ಮೈ ಹಿಂದೆ ಸರಿಸಬೇಕು. ತೂಕದ ಸಮತೋಲನವಿರುವ, ಮೇಲೆ ಜಾರುವ ಬಾಗಿಲು ಒಂದು ಬೆರಳಿಗೆ ಏಳುತ್ತದೆ. ನನ್ನ ಮಟ್ಟಿಗೆ ಇದೇ ಉತ್ತಮ. ಗಾಳಿಯ ಒತ್ತಡದಲ್ಲಿ ತಾನಾಗಿ ಏಳುವ ಬಾಗಿಲಿಗೆ ಕಂಪ್ರೆಸರ್ ಬೇಕು, ಕೈ ಸಿಕ್ಕದಂತೆ ಅಂಚಿನ ಸೆನ್ಸರ್ ಬೇಕು, ಅದಕ್ಕೆ ತಕ್ಕ ಖರ್ಚೂ ಇದೆ. ದಿನವಿಡೀ ಒಂದೇ ಬಗೆಯ ಜಾಬ್ ನಡೆಯುವಲ್ಲಿ ಮಾತ್ರ ಅದು ಯೋಗ್ಯ. ಬಾಗಿಲು ಮುಚ್ಚಿದೊಡನೆ ಮಾರ್ಕಿಂಗ್ ಶುರುವಾಗುವಂತೆ ಕೇಳಿಕೊಂಡರೆ ಪೆಡಲ್ ಒತ್ತುವ ಕೆಲಸ ತಪ್ಪುತ್ತದೆ, ಬಾಗಿಲು ಮುಚ್ಚುವುದೇ ಆಪರೇಟರ್‌ಗೆ ಲಾಭವಾಗುತ್ತದೆ.

ಚಿನ್ನದ ಹಾಲ್‌ಮಾರ್ಕಿಂಗ್ ಕೇಂದ್ರಗಳ ಕೆಲಸಕ್ಕೆ ಈ ಪೆಟ್ಟಿಗೆಯ ಸಣ್ಣ ರೂಪ ಚೆನ್ನಾಗಿ ಹೊಂದುತ್ತದೆ. 2021ರ ಜುಲೈನಿಂದ ಆಭರಣದ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಪ್ರತಿ ಆಭರಣಕ್ಕೂ ಪ್ರತ್ಯೇಕವಾದ ಹಾಲ್‌ಮಾರ್ಕ್ ಸಂಖ್ಯೆ) ಗುರುತು ಬಂದಿತು, 2023ರ ಏಪ್ರಿಲ್ 1ರಿಂದ ಅದಿಲ್ಲದ ಹಾಲ್‌ಮಾರ್ಕ್ ಚಿನ್ನದ ಆಭರಣವನ್ನು ಅಂಗಡಿಯವರು ಮಾರುವಂತಿಲ್ಲ. ಉಂಗುರದ ಒಳಮೈಯಲ್ಲಿ ಅಷ್ಟು ಸಣ್ಣದಾಗಿ ಬರೆಯುವಾಗ ಬಗ್ಗಿ ಹತ್ತಿರದಿಂದ ನೋಡುವ ಆಸೆ ಸಹಜ. ಹೊಳೆಯುವ ಚಿನ್ನ ಕಿರಣವನ್ನು ಯಾವ ದಿಕ್ಕಿಗಾದರೂ ತಿರುಗಿಸಬಲ್ಲದು. ಇಂಥಲ್ಲಿ ಕಿಟಕಿಗಿಂತ ಒಳಗೊಂದು ಕ್ಯಾಮೆರಾ, ಹೊರಗೊಂದು ಮಾನಿಟರ್ ಇಡಿಸುವುದು ಒಳ್ಳೆಯದು. ಗುರುತು ದೊಡ್ಡದಾಗಿ ಕಾಣುತ್ತದೆ, ಕಿಟಕಿಯ ಪ್ರಮಾಣಪತ್ರದ ಚಿಂತೆಯೂ ಇಲ್ಲ.

ತಿರುಗುವ ಟೇಬಲ್‌ನ ಕ್ಯಾಬಿನೆಟ್

ಇಲ್ಲಿ ಒಂದು ದುಂಡು ಟೇಬಲ್ ನಡುವೆ ತಡೆಗೋಡೆಯಿದ್ದು, ಅರ್ಧ ಒಳಗೆ, ಅರ್ಧ ಹೊರಗೆ ಇರುತ್ತದೆ. ಒಳಗೆ ಮಾರ್ಕಿಂಗ್ ನಡೆಯುತ್ತಿರುವಾಗಲೇ ಆಪರೇಟರ್ ಹೊರಗಿನ ಅರ್ಧದಲ್ಲಿ ಜಾಬ್ ಬದಲಿಸುತ್ತಾನೆ. ಬೆಲೆ ಸಾದಾ ಪೆಟ್ಟಿಗೆಗಿಂತ ಬಹಳ ಹೆಚ್ಚು, ನೆಲದ ಜಾಗವೂ ಹೆಚ್ಚು. ಲಾಭ ಆಗುತ್ತದೆಯೇ ಎಂಬುದನ್ನು ಕಾಗದದ ಮೇಲೆಯೇ ನೋಡಬಹುದು.

ಗುರುತು ಮೂಡಲು 4 ಸೆಕೆಂಡು, ಸಾದಾ ಪೆಟ್ಟಿಗೆಯಲ್ಲಿ ಬಾಗಿಲು ತೆರೆದು ಜಾಬ್ ಬದಲಿಸಿ ಮುಚ್ಚಲು 6 ಸೆಕೆಂಡು ಎಂದಿಟ್ಟುಕೊಳ್ಳಿ. ಜಾಬಿಗೆ 10 ಸೆಕೆಂಡಿನಂತೆ ಗಂಟೆಗೆ 360. ತಿರುಗುವ ಟೇಬಲ್‌ನಲ್ಲಿ ತಿರುಗಲು 2 ಸೆಕೆಂಡು, ಮಾರ್ಕಿಂಗ್‌ಗೆ 4, ಅಷ್ಟರಲ್ಲಿ ಹೊರಗೆ ಜಾಬ್ ಬದಲಾಗಿರುತ್ತದೆ. ಜಾಬಿಗೆ 6 ಸೆಕೆಂಡಿನಂತೆ ಗಂಟೆಗೆ 600. ಬೇರಿಂಗ್ ಉಂಗುರ, ಹಿತ್ತಾಳೆಯ ಫಿಟ್ಟಿಂಗ್, ವಾಹನಗಳ ಸಣ್ಣ ಭಾಗಗಳನ್ನು ರಾಶಿರಾಶಿಯಾಗಿ ಮಾಡುವವರಿಗೆ ಈ ಅಂತರ ದೊಡ್ಡದು. ಅದೇ ಆಳವಾದ ಕೆತ್ತನೆಗೆ 60 ಸೆಕೆಂಡು ಬೇಕಾದರೆ, ಸಾದಾ ಪೆಟ್ಟಿಗೆಯಲ್ಲಿ ಗಂಟೆಗೆ ಸುಮಾರು 54, ಟೇಬಲ್‌ನಲ್ಲಿ 58. ಆ ನಾಲ್ಕು ಜಾಬಿಗಾಗಿ ಅಷ್ಟು ಹಣ ಹಾಕಬೇಡಿ. ನಿಮ್ಮದೇ ಜಾಬನ್ನು ಇಟ್ಟು, ಗಡಿಯಾರ ಹಿಡಿದು ಈ ಲೆಕ್ಕ ಮಾಡಿ.

ಟೇಬಲ್ ತಿರುಗುವಾಗ ಕೈ ಸಿಕ್ಕದಂತೆ ಮುಂದೆ ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಟೇಬಲ್ ನಿಲ್ಲಿಸುವ ಬೆಳಕಿನ ಬೇಲಿ) ಇರಬೇಕು. ಇದು ಬೇರೆಯೇ ಅಪಾಯ, ಕಣ್ಣಿನದಲ್ಲ. ಲೈಟ್ ಕರ್ಟನ್ ಲೇಸರ್ ಬೆಳಕನ್ನು ತಡೆಯುವುದಿಲ್ಲ ಎಂಬುದನ್ನೂ ಮರೆಯಬಾರದು. ಕಿರಣಕ್ಕೆ ತಡೆ ನಡುವಿನ ಗೋಡೆ ಮಾತ್ರ, ಅದರ ಅಂಚು ಟೇಬಲ್‌ಗೆ ಎಷ್ಟು ಒತ್ತಿಕೊಂಡಿದೆ ನೋಡಿ.

ಕನ್ವೇಯರ್ ಸುರಂಗ

ಸಾಲಿನಲ್ಲಿ ಹರಿದು ಬರುವ ಜಾಬ್‌ಗಳಿಗೆ ಇದು. ಒಳಬರುವ, ಹೊರಹೋಗುವ ಬಾಯಿಗಳು ಸದಾ ತೆರೆದಿರುವುದರಿಂದ ಸುರಂಗ ಕೈ ಎಟುಕದಷ್ಟು ಉದ್ದವಿರಬೇಕು, ಚದುರಿದ ಬೆಳಕು ಹಲವು ಬಾರಿ ಬಡಿದು ಸಾಯುವಂತೆ ಒಳಗೆ ಅಡ್ಡಪಟ್ಟಿಗಳಿರಬೇಕು, ಜಾಬ್ ಇಲ್ಲದಾಗ ಕಿರಣ ಹೊರಡಬಾರದು. ಈ ವಿನ್ಯಾಸವನ್ನು ಊರಿನ ಫ್ಯಾಬ್ರಿಕೇಟರ್ ಕೈಯಲ್ಲಿ ಅಂದಾಜಿನ ಮೇಲೆ ಮಾಡಿಸಬೇಡಿ. ಅಳತೆ ಮಾಡಿ ವರದಿ ಕೊಡುವವರಿಂದಲೇ ಮಾಡಿಸಿ.

ಒಳಗೆ ನಡೆದುಹೋಗುವ ಕ್ಯಾಬಿನ್

ಕ್ರೇನ್‌ನಲ್ಲಿ ಇಳಿಸುವ ಎರಕ, ಉದ್ದದ ಶಾಫ್ಟ್, ದೊಡ್ಡ ಅಚ್ಚು ಇಂಥವಕ್ಕೆ ಬೇರೆ ದಾರಿಯಿಲ್ಲ. ಇಲ್ಲಿನ ದೊಡ್ಡ ಭಯ, ಒಬ್ಬನು ಒಳಗಿರುವಾಗ ಇನ್ನೊಬ್ಬನು ಬಾಗಿಲು ಮುಚ್ಚಿ ಯಂತ್ರ ಶುರು ಮಾಡುವುದು. ಆದ್ದರಿಂದ ಬಾಗಿಲಿನ ಸ್ವಿಚ್ ಒಂದೇ ಸಾಲದು. ಒಳಗೆ ಹೋಗುವವನು ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಬೇಕು, ಆ ಕೀಲಿ ಹಿಂದಿರುಗದೆ ಯಂತ್ರ ನಡೆಯಬಾರದು. ಒಳಗೆ ತುರ್ತು ನಿಲುಗಡೆಯ ಗುಂಡಿ, ಶುರುವಾಗುವ ಮುನ್ನ ಎಚ್ಚರಿಕೆಯ ಸದ್ದು, ಒಳಗಿನಿಂದ ಯಾವಾಗಲೂ ತೆರೆಯಬಲ್ಲ ಬಾಗಿಲು, ಇವಿಷ್ಟೂ ಬೇಕು. ಶಾಫ್ಟ್‌ಗಳು ಅಪರೂಪಕ್ಕೆ ಬರುವುದಾದರೆ ಕ್ಯಾಬಿನ್ ಬೇಡ. ಮೇಜಿನ ಪೆಟ್ಟಿಗೆಗೆ ಎರಡೂ ಬದಿಯಲ್ಲಿ ಮುಚ್ಚಳವಿರುವ ಉದ್ದನೆಯ ತೋಳು ಜೋಡಿಸಿ, ಆ ಮುಚ್ಚಳಗಳಿಗೂ ಇಂಟರ್‌ಲಾಕ್ ಹಾಕಿಸಿದರೆ ಆಯಿತು.

ನಿಮ್ಮ ಸ್ಥಿತಿಗೆ ಯಾವುದು?

ಬಗೆಬಗೆಯ ಜಾಬ್ ಬರುವ, ಅಂಗೈಯಿಂದ ಒಂದು ಬುಟ್ಟಿಯ ಗಾತ್ರದೊಳಗಿನ ಕೆಲಸ ಮಾಡುವ ಜಾಬ್‌ವರ್ಕ್ ಶೆಡ್ಡಿಗೆ ಮೇಲೆ ಜಾರುವ ಬಾಗಿಲಿನ ಪೆಟ್ಟಿಗೆ. ಒಂದೇ ಜಾಬ್ ಸಾವಿರಗಟ್ಟಲೆ, ಗುರುತು ಕೆಲವೇ ಸೆಕೆಂಡಿನದು ಎಂದರೆ ತಿರುಗುವ ಟೇಬಲ್. ಪ್ಲಾಸ್ಟಿಕ್ ಮೇಲೆ 355 ನ್ಯಾನೋಮೀಟರ್‌ನ ಯುವಿ ಲೇಸರ್ ಬಳಸುವವರಿಗೂ ಪೆಟ್ಟಿಗೆಯೇ, ಆದರೆ ಕಿಟಕಿ ಆ ತರಂಗಾಂತರಕ್ಕೇ ಬೇಕು, ಹೊಗೆಗೆ ಕಣದ ಫಿಲ್ಟರ್ ಜೊತೆ ಇದ್ದಿಲಿನ ಫಿಲ್ಟರ್ ಬೇಕು.

ಕೈಯಲ್ಲಿ ಹಣ ಕಡಿಮೆಯಿದ್ದರೆ ಎಲ್ಲಿ ಉಳಿಸಬಹುದೆಂದೂ ಹೇಳುತ್ತೇನೆ. ಪೆಟ್ಟಿಗೆಯ ಒಡಲನ್ನು ಊರಿನ ತಗಡಿನ ಕೆಲಸದವರಿಂದಲೇ ಮಾಡಿಸಬಹುದು. ಕಿಟಕಿಯನ್ನು ಸಣ್ಣದು ಮಾಡಬಹುದು ಅಥವಾ ಬಿಟ್ಟು ಕ್ಯಾಮೆರಾ ಹಾಕಬಹುದು. ಒಳಗಿನ ಅಲಂಕಾರದ ದೀಪಗಳು, ಮೋಟರಿನ ಬಾಗಿಲು ಬೇಡ. ಉಳಿಸಬಾರದ ಜಾಗಗಳು ಮೂರು: ಸೇಫ್ಟಿ ರಿಲೇ ಮತ್ತು ಕೋಡೆಡ್ ಸ್ವಿಚ್, ಪ್ರಮಾಣಪತ್ರವಿರುವ ಕಿಟಕಿ, ಹೊಗೆ ಎಳೆಯುವ ಯಂತ್ರ. ತೆರೆದ ಯಂತ್ರ ಈಗಾಗಲೇ ಇದ್ದವರು ಹೀಗೆ ಒಡಲನ್ನು ಒಬ್ಬರಿಂದ, ಇಂಟರ್‌ಲಾಕನ್ನು ಯಂತ್ರ ಮಾರಿದವರಿಂದ ಮಾಡಿಸಿಕೊಳ್ಳಬಹುದು. ಆದರೆ ಲೇಸರ್ ಮೂಲಕ್ಕೆ ಹೊರಗಿನಿಂದ ನಿಲುಗಡೆ ಕೊಡುವ ಸಂಪರ್ಕ ಇದೆಯೇ ಎಂದು ಮೊದಲು ಬರಹದಲ್ಲಿ ಕೇಳಿ. ಇಲ್ಲವೆಂದರೆ ಮೂಲದ ವಿದ್ಯುತ್ತನ್ನೇ ರಿಲೇ ಮೂಲಕ ಕಡಿಯುವ ಏರ್ಪಾಡು ಬೇಕಾಗುತ್ತದೆ. ಆಗ ಬಾಗಿಲು ತೆರೆದ ಪ್ರತಿ ಸಲವೂ ಮೂಲ ಮತ್ತೆ ಸಿದ್ಧವಾಗುವ ತನಕ ಕಾಯಬೇಕಾಗುತ್ತದೆ, ವೇಗದ ಲೆಕ್ಕವೆಲ್ಲ ಬದಲಾಗುತ್ತದೆ.

ಪೆಟ್ಟಿಗೆ ಬಂದ ದಿನ ಪೂರ್ತಿ ಹಣ ಕೊಡಬೇಡಿ. ಮಾರಿದವರ ಕಡೆಯ ತಂತ್ರಜ್ಞ ಎದುರಿರುವಾಗ, ಎಲ್ಲರೂ ಸರಿಯಾದ ಕನ್ನಡಕ ಧರಿಸಿ, ಮಾರ್ಕಿಂಗ್ ನಡುವೆ ಬಾಗಿಲು ಎತ್ತಿಸಿ. ಕಿರಣ ತಕ್ಷಣ ನಿಲ್ಲಬೇಕು, ಬಾಗಿಲು ಮುಚ್ಚಿದೊಡನೆ ಶುರುವಾಗುವ ಏರ್ಪಾಡಿದ್ದರೂ ಅರ್ಧಕ್ಕೆ ನಿಂತ ಕೆಲಸ ತಾನಾಗಿ ಮುಂದುವರಿಯಬಾರದು, ಹೊಸ ಆದೇಶ ಬೇಕು. ಆಮೇಲೆ ಯಂತ್ರ ಆಫ್ ಮಾಡಿ ಸ್ವಿಚ್‌ನ ಎರಡು ಮಾರ್ಗಗಳಲ್ಲಿ ಒಂದರ ತಂತಿ ಬಿಚ್ಚಿಸಿ, ಮತ್ತೆ ಶುರು ಮಾಡಲು ಹೇಳಿ. ಶುರುವಾದರೆ ಆ ಪೆಟ್ಟಿಗೆಯನ್ನು ಹಿಂದಕ್ಕೆ ಕಳುಹಿಸಿ.